ಬೆರಳು ನುಡಿಸಲಿ, ತೋಳು ಬಿಗಿಯದಿರಲಿ

ಸಂಗೀತವು ಕೇಳುವವರ ಆಯಾಸವನ್ನು ಪರಿಹರಿಸುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಸಂಗೀತವನ್ನು ಹೊರಡಿಸುವ ಕೈಗಳ ಆಯಾಸವನ್ನು ಕುರಿತು ನಾವು ಆಲೋಚಿಸುವುದು ಅಪರೂಪ. ಹಾಡುವವರ ಗಂಟಲು ಕೆಟ್ಟರೆ ಮನೆಮಂದಿಯೆಲ್ಲ ಕಷಾಯ ಕಾಯಿಸಲು ಹೊರಡುತ್ತಾರೆ. ವಾದ್ಯ ನುಡಿಸುವವರ ಕೈ ನೋಯುತ್ತಿದೆಯೆಂದರೆ ‘ಅಭ್ಯಾಸವಾದರೆ ತಾನೇ ಸರಿಹೋಗುತ್ತದೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಸಮಾಧಾನದ ಮಾತು ಎಷ್ಟು ಅಪಾಯಕರವಾದುದೆಂಬುದನ್ನು, ಪಿಯಾನೋ ವಾದನಕ್ಕೆ ಸಂಬಂಧಿಸಿದಂತೆ, ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮುಂಬಯಿ, ಪುಣೆ, ಚೆನ್ನೈ, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ವೀಣೆ, ಪಿಟೀಲು, ಹಾರ್ಮೋನಿಯಂಗಳ ಜೊತೆಗೆ ಪಿಯಾನೋ ಅಥವಾ ವಿದ್ಯುತ್ ಕೀಬೋರ್ಡು ಕೂಡ ಇಂದು ಸ್ಥಾನ ಪಡೆದಿದೆ. ಲಂಡನ್ನಿನ ಟ್ರಿನಿಟಿ ಕಾಲೇಜು ಮತ್ತು ಅಸೋಸಿಯೇಟೆಡ್ ಬೋರ್ಡ್ ನಡೆಸುವ ಪರೀಕ್ಷೆಗಳಿಗೆ ನಮ್ಮ ಮಕ್ಕಳೂ ಕುಳಿತುಕೊಳ್ಳುತ್ತಾರೆ. ಈ ವಾದ್ಯವು ಕನ್ನಡ ನಾಡಿಗೆ ತೀರ ಹೊಸದೇನೂ ಅಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು (1919–1974) ಸ್ವತಃ ನುರಿತ ಪಿಯಾನೋ ವಾದಕರಾಗಿದ್ದು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಉದಾರವಾಗಿ ನೆರವಾದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಇಂತಹ ವಾದ್ಯವನ್ನು ನಮ್ಮ ಮಕ್ಕಳು ಕಲಿಯುವುದು ಸಂತೋಷದ ಸಂಗತಿಯೇ. ಆದರೆ ಅದನ್ನು ಕೈ ಕೆಡಿಸಿಕೊಳ್ಳದೆ ಕಲಿಯುವ ಬಗೆ ಹೇಗೆಂಬುದನ್ನು ತಂದೆತಾಯಂದಿರೂ ತಿಳಿದಿರಬೇಕು.

ವಾದ್ಯ ಬೇಡುವ ಬಲವೆಷ್ಟು?

ಬಿಗಿತದ ವಿಚಾರಕ್ಕೆ ಬರುವ ಮುನ್ನ ವಾದ್ಯದ ರಚನೆಯನ್ನು ತುಸು ಗಮನಿಸಬೇಕು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬಾತನು ಸುಮಾರು 1700ರಲ್ಲಿ ಪಿಯಾನೋವನ್ನು ನಿರ್ಮಿಸಿದನು. ಇಂದಿನ ಪಿಯಾನೋದಲ್ಲಿ 52 ಬಿಳಿಯ ಮತ್ತು 36 ಕರಿಯ, ಒಟ್ಟು 88 ಕೀಗಳಿವೆ. ಒಂದು ಕೀಯ ತುದಿಯ ಮೇಲೆ ಸುಮಾರು 50 ಗ್ರಾಂ ತೂಕವನ್ನಿಟ್ಟರೆ ಸಾಕು, ಅದು ಮೆಲ್ಲನೆ ಕೆಳಗಿಳಿಯುತ್ತದೆ. ಇಳಿಯುವ ಆಳವು ಸುಮಾರು 10 ಮಿಲಿಮೀಟರು, ಎಂದರೆ ಒಂದು ಸೆಂಟಿಮೀಟರು ಮಾತ್ರ. ಗಟ್ಟಿಯಾದ ನಾದಕ್ಕೆ ಇದಕ್ಕಿಂತ ಹೆಚ್ಚಿನ ಬಲ ಬೇಕು, ನಿಜ. ಆದರೆ ಆ ಬಲವು ಬೇಕಾಗುವುದು ಕೀ ಇಳಿಯುವ ಅತ್ಯಲ್ಪ ಕಾಲದಲ್ಲಿ ಮಾತ್ರ.

ಏಕೆಂದರೆ, ಕೀ ತಳವನ್ನು ಮುಟ್ಟುವುದಕ್ಕೆ ಸ್ವಲ್ಪ ಮುಂಚೆಯೇ ಒಳಗಿನ ಸುತ್ತಿಗೆಯು ಕೀಯ ಹಿಡಿತದಿಂದ ಬಿಡಿಸಿಕೊಂಡು, ತಾನೇ ಹಾರಿ, ತಂತಿಯನ್ನು ಬಡಿದು ಹಿಂದಿರುಗುತ್ತದೆ. ನಾದದ ಗಟ್ಟಿತನವು ಆ ಸುತ್ತಿಗೆಯ ವೇಗವನ್ನು ಅವಲಂಬಿಸಿದೆ. ಒಮ್ಮೆ ಅದು ಬಿಡಿಸಿಕೊಂಡಿತೆಂದರೆ ಬಳಿಕ ಕೀಯನ್ನು ಎಷ್ಟು ಒತ್ತಿದರೂ ನಾದವು ಹೆಚ್ಚದು, ಸುಧಾರಿಸದು. ಕೇರಂ ಆಟದಲ್ಲಿ ಸ್ಟ್ರೈಕರನ್ನು ಹೊಡೆದ ಮೇಲೆ ಬೆರಳನ್ನು ಎಷ್ಟು ಬಿಗಿಹಿಡಿದರೂ ಅದರ ವೇಗ ಹೆಚ್ಚುವುದುಂಟೆ? ಇಲ್ಲಿಯೂ ಹಾಗೆಯೇ. ಸ್ವರವು ನಿಲ್ಲಬೇಕಾದಷ್ಟು ಹೊತ್ತು ಕೀ ಮೇಲೇಳದಂತೆ ಬೆರಳು ಅದರ ಮೇಲೆ ವಿಶ್ರಮಿಸಿದ್ದರೆ ಸಾಕು.

ಆದರೆ ಕಲಿಯುವವರಲ್ಲಿ ಬಹುಮಂದಿ ಮಾಡುವುದೇನು? ಸ್ವರ ಹೊರಟ ಮೇಲೂ ಕೀಯನ್ನು ತಳಕ್ಕೆ ಒತ್ತಿಹಿಡಿಯುತ್ತಾರೆ. ಆ ಒತ್ತಡ ಬಿಡುವ ಮೊದಲೇ ಮುಂದಿನ ಸ್ವರ ಬರುತ್ತದೆ. ಹಿಂದಿನ ಬಿಗಿತದ ಮೇಲೆ ಹೊಸ ಬಿಗಿತ ಸೇರುತ್ತದೆ. ಒಂದು ಪುಟ ನುಡಿಸಿ ಮುಗಿಸುವಷ್ಟರಲ್ಲಿ ಮುಂದೋಳು ಮರದ ಕೊರಡಿನಂತಾಗುತ್ತದೆ. ಕೆಲಸ ಮುಗಿದ ಮೇಲೂ ಮುಂದುವರಿಯುವ ಈ ಶ್ರಮವೇ ಪಿಯಾನೋ ವಾದಕರ ಸ್ನಾಯು ಬಿಗಿತದ ಮುಖ್ಯ ಮೂಲ.

ಬಿಗಿತದ ಶರೀರಶಾಸ್ತ್ರ

ಬೆರಳುಗಳ ಒಳಗೆ ಅವನ್ನು ಮಡಿಸುವ, ಚಾಚುವ ಸ್ನಾಯುಗಳಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಅವುಗಳಲ್ಲಿ ಮುಖ್ಯವಾದವು ಮುಂದೋಳಿನಲ್ಲಿವೆ. ಕೆಲವು ಚಿಕ್ಕವು ಅಂಗೈಯಲ್ಲಿವೆ. ಮುಂದೋಳಿನ ಸ್ನಾಯುಗಳಿಂದ ಹೊರಟ ಹಗ್ಗದಂತಹ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾಯ್ದು ಬೆರಳುಗಳನ್ನು ಸೇರುತ್ತವೆ. ಎಡಗೈಯಿಂದ ಬಲಮುಂದೋಳನ್ನು ಹಿಡಿದು ಬಲಗೈ ಬೆರಳುಗಳನ್ನು ಆಡಿಸಿದರೆ ಚರ್ಮದಡಿಯ ಚಲನೆಯು ಯಾರಿಗಾದರೂ ತಿಳಿಯುತ್ತದೆ. ಬೆರಳ ನೋವಿಗೆ ಕಾರಣವನ್ನು ಬೆರಳಿನಲ್ಲಿಯೇ ಹುಡುಕಿದರೆ ಸಿಕ್ಕದಿರುವುದು ಇದರಿಂದಲೇ.

ಈ ಸ್ನಾಯುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಮಡಿಸುವ ಸ್ನಾಯು ಸಂಕುಚಿಸುವಾಗ ಚಾಚುವ ಸ್ನಾಯು ಸಡಿಲವಾಗಬೇಕು. ಎರಡೂ ಏಕಕಾಲದಲ್ಲಿ ಬಿಗಿದುಕೊಂಡರೆ, ಒಂದೇ ಗಾಡಿಗೆ ಮುಂದೊಂದು ಹಿಂದೊಂದು ಎತ್ತು ಕಟ್ಟಿದಂತೆ, ಶ್ರಮ ವಿಪರೀತವಾಗಿ ಚಲನೆ ಅತ್ಯಲ್ಪವಾಗುತ್ತದೆ. ಅಲ್ಲದೆ, ಎಡೆಬಿಡದೆ ಬಿಗಿದ ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳು ಅದುಮಲ್ಪಟ್ಟು ರಕ್ತಸಂಚಾರ ಕುಗ್ಗುತ್ತದೆ. ಸಂಕುಚಿಸಿ ಸಡಿಲವಾಗುತ್ತಿರುವ ಸ್ನಾಯು ಬಹಳ ಹೊತ್ತು ದುಡಿಯಬಲ್ಲದು. ಬಿಗಿದೇ ಇರುವ ಸ್ನಾಯು ಕೆಲವೇ ನಿಮಿಷಗಳಲ್ಲಿ ದಣಿಯುತ್ತದೆ. ತುಂಬಿದ ಕೊಡವನ್ನು ಹೊತ್ತು ನಡೆಯುವುದಕ್ಕಿಂತ ಅದನ್ನು ತೋಳು ಚಾಚಿ ಹಿಡಿದು ನಿಲ್ಲುವುದು ಕಷ್ಟವೆಂಬುದನ್ನು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು.

ಉಂಗುರಬೆರಳಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುಂಗೈಯ ಹಿಂಬದಿಯಲ್ಲಿ ಅದರ ರಜ್ಜುವು ನೆರೆಯ ರಜ್ಜುಗಳೊಡನೆ ಅಡ್ಡಪಟ್ಟಿಗಳಿಂದ ಹೆಣೆದುಕೊಂಡಿರುವುದರಿಂದ, ಅದನ್ನು ಒಂದನ್ನೇ ಎತ್ತರಕ್ಕೆ ಎತ್ತುವುದು ಸಾಧ್ಯವಾಗದು. ಇದು ದೌರ್ಬಲ್ಯವಲ್ಲ, ದೇಹದ ರಚನೆ. ಈ ರಚನೆಯೊಡನೆ ಹಟ ಹಿಡಿದವರು ಪಟ್ಟ ಪಾಡು ಸಂಗೀತದ ಚರಿತ್ರೆಯಲ್ಲಿ ದಾಖಲಾಗಿದೆ.

ಚರಿತ್ರೆ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೆರಳುಗಳನ್ನು ಯಂತ್ರಗಳಿಂದ ಪಳಗಿಸುವ ಹುಚ್ಚು ಯೂರೋಪಿನಲ್ಲಿ ಹಬ್ಬಿತ್ತು. 1814ರಲ್ಲಿ ಲೋಜಿಯರ್ ಎಂಬ ಶಿಕ್ಷಕನು ‘ಕೈರೊಪ್ಲಾಸ್ಟ್’ ಎಂಬ ಚೌಕಟ್ಟಿಗೆ ಹಕ್ಕುಪತ್ರ ಪಡೆದನು. ಮಣಿಕಟ್ಟನ್ನು ಅಲುಗದಂತೆ ಹಿಡಿದಿಟ್ಟು, ಒಂದೊಂದು ಬೆರಳನ್ನು ಒಂದೊಂದು ಸಂದಿನಲ್ಲಿ ತೂರಿಸುವ ಸಾಧನವದು. ಜರ್ಮನಿಯ ಮಹಾನ್ ರಚನಕಾರ ರಾಬರ್ಟ್ ಶೂಮನ್ (1810–1856) ತಾರುಣ್ಯದಲ್ಲಿ ಪಿಯಾನೋ ವಾದಕನಾಗಬೇಕೆಂದು ಹಂಬಲಿಸಿ, ಬೆರಳಿಗೆ ಇಂಥದೇ ಒಂದು ಉಪಕರಣವನ್ನು ಕಟ್ಟಿಕೊಂಡು ಸಾಧನೆ ಮಾಡಿದ್ದುಂಟು. 1832ರ ಹೊತ್ತಿಗೆ ಅವನ ಬಲಗೈಯ ನಡುಬೆರಳು ವಶ ತಪ್ಪಿ, ವಾದಕನಾಗುವ ಆಸೆಯನ್ನೇ ಕೈಬಿಡಬೇಕಾಯಿತು. ಮೂಲ ಕಾರಣವೇನೆಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ಉಪಕರಣದಿಂದ ಲಾಭವಾಗಲಿಲ್ಲವೆಂಬುದು ಸ್ಪಷ್ಟ.

ರಷ್ಯದ ಸ್ಕ್ರಿಯಾಬಿನ್ 1891ರಲ್ಲಿ, ವಿದ್ಯಾರ್ಥಿದೆಸೆಯಲ್ಲಿ, ಅತಿಕಠಿಣವಾದ ಕೃತಿಗಳನ್ನು ಮಿತಿಮೀರಿ ಅಭ್ಯಾಸ ಮಾಡಿ ಬಲಗೈಯನ್ನು ಕೆಡಿಸಿಕೊಂಡನು. ಮುಂದೆ ಗುಣ ಕಂಡಿತಾದರೂ, ಎಡಗೈಯೊಂದರಿಂದಲೇ ನುಡಿಸುವ ಎರಡು ಕೃತಿಗಳನ್ನು 1894ರಲ್ಲಿ ರಚಿಸಿದ್ದು ಆ ಸಂಕಟದ ನೆನಪಾಗಿ ಉಳಿಯಿತು. ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಲಿಯಾನ್ ಫ್ಲೈಷರ್ (1928–2020) ಕೀರ್ತಿಯ ಶಿಖರದಲ್ಲಿದ್ದಾಗಲೇ, 1964ರ ಸುಮಾರಿಗೆ, ಅವರ ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳು ತಾವಾಗಿ ಅಂಗೈಯೊಳಕ್ಕೆ ಮುದುಡಿಕೊಳ್ಳತೊಡಗಿದವು. ಮೂರು ದಶಕಗಳ ಕಾಲ ಅವರು ಎಡಗೈಯ ಕೃತಿಗಳನ್ನು ನುಡಿಸುತ್ತ, ಪಾಠ ಹೇಳುತ್ತ, ವಾದ್ಯವೃಂದವನ್ನು ನಿರ್ದೇಶಿಸುತ್ತ ಕಳೆದರು. ಬೊಟುಲಿನಮ್ ಚುಚ್ಚುಮದ್ದು ಮತ್ತು ಆಳವಾದ ಅಂಗಮರ್ದನದಿಂದ ಗುಣ ಕಂಡು, ಎರಡೂ ಕೈಗಳಿಂದ ನುಡಿಸಿದ ಧ್ವನಿಮುದ್ರಿಕೆಯನ್ನು ಅವರು ಹೊರತಂದದ್ದು 2004ರಲ್ಲಿ.

ಶಿಕ್ಷಕರೂ ಈ ಅನುಭವಗಳಿಂದ ಪಾಠ ಕಲಿತರು. ಜರ್ಮನಿಯ ಲುಡ್ವಿಗ್ ಡೆಪ್ಪೆಯು 1885ರಲ್ಲಿ ವಾದಕರ ತೋಳುನೋವನ್ನು ಕುರಿತೇ ಲೇಖನ ಬರೆದು, ಬೆರಳೊಂದೇ ದುಡಿಯದೆ ತೋಳಿನ ತೂಕವೂ ನೆರವಾಗಬೇಕೆಂದು ತಿಳಿಸಿದನು. ಇಂಗ್ಲೆಂಡಿನ ಟೋಬಿಯಸ್ ಮ್ಯಾಥೆ 1903ರ ತಮ್ಮ ಗ್ರಂಥದಲ್ಲಿ, ಸ್ವರ ಹೊರಟೊಡನೆ ಶ್ರಮವನ್ನು ನಿಲ್ಲಿಸಬೇಕೆಂಬ ತತ್ತ್ವವನ್ನು ಬೋಧಿಸಿದರು. ಇದನ್ನು ಕೆಲವರು ಅತಿರೇಕಕ್ಕೊಯ್ದು ‘ಪೂರ್ತಿ ಸಡಿಲವಾಗಿರಿ’ ಎಂದು ಉಪದೇಶಿಸಿದಾಗ, ಅಮೆರಿಕದ ಆಟೊ ಆರ್ಟ್‌ಮನ್ ಪ್ರಯೋಗಾಲಯದಲ್ಲಿ ಚಲನೆಗಳನ್ನು ಅಳೆದು, 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೂರ್ತಿ ಸಡಿಲವಾದ ಕೈ ನುಡಿಸಲಾರದೆಂದು ತೋರಿಸಿಕೊಟ್ಟರು. ಆದ್ದರಿಂದ ನಾವು ಸಾಧಿಸಬೇಕಾದುದು ಸಂಪೂರ್ಣ ಸಡಿಲತೆಯನ್ನಲ್ಲ. ಬೇಕಾದ ಸ್ನಾಯುವು ಬೇಕಾದ ಕ್ಷಣದಲ್ಲಿ ದುಡಿದು, ಕೆಲಸ ಮುಗಿದೊಡನೆ ಬಿಡುವ ಅಭ್ಯಾಸವನ್ನು.

ಕುಳಿತುಕೊಳ್ಳುವ ಕ್ರಮ

ಕೈ ಬಿಗಿಯುವುದಕ್ಕೆ ಅನೇಕ ವೇಳೆ ಕಾರಣವಾಗುವುದು ಕುರ್ಚಿ. ನಗರದ ಚಿಕ್ಕ ಮನೆಗಳಲ್ಲಿ ಕೀಬೋರ್ಡನ್ನು ಊಟದ ಮೇಜಿನ ಮೇಲೋ ಮಂಚದ ಮೇಲೋ ಇಟ್ಟು ನುಡಿಸುವ ರೂಢಿಯಿದೆ. ಮೇಜು ಎತ್ತರವಾದರೆ ಭುಜಗಳು ಮೇಲೇರಿ ಕತ್ತು ಬಿಗಿಯುತ್ತದೆ; ಮಂಚದ ಮೇಲಿಟ್ಟು ಬಾಗಿ ನುಡಿಸಿದರೆ ಬೆನ್ನೂ ಮಣಿಕಟ್ಟೂ ಬಾಗುತ್ತವೆ. ಈ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು:

1. ಬೆರಳುಗಳನ್ನು ಕೀಗಳ ಮೇಲಿಟ್ಟಾಗ ಮೊಣಕೈಯು ಕೀಗಳ ಮಟ್ಟದಲ್ಲಿ ಅಥವಾ ಕೂದಲೆಳೆಯಷ್ಟು ಮೇಲಿರಬೇಕು. ಎತ್ತರ ಸಾಲದಿದ್ದರೆ ಮಡಿಸಿದ ಜಮಖಾನೆಯನ್ನು ಹಾಕಿಕೊಳ್ಳಬಹುದು.

2. ಪಾದಗಳು ನೆಲವನ್ನು ಮುಟ್ಟಿರಬೇಕು. ಕಾಲು ಎಟುಕದ ಮಕ್ಕಳಿಗೆ ಒಂದು ಮಣೆಯನ್ನೋ ಪೆಟ್ಟಿಗೆಯನ್ನೋ ಇಟ್ಟುಕೊಡಬೇಕು. ಕಾಲು ತೂಗಾಡುವ ಮಗು ಸಮತೋಲಕ್ಕಾಗಿ ಭುಜವನ್ನು ಬಿಗಿಹಿಡಿಯುತ್ತದೆ.

3. ಪೀಠದ ಮುಂಭಾಗದಲ್ಲಿ, ಬೆನ್ನನ್ನು ಸಹಜವಾಗಿ ನೇರ ಮಾಡಿ ಕುಳಿತುಕೊಳ್ಳಬೇಕು. ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿರಬಾರದು.

4. ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗೆ ತಿರುಗದೆ ಮುಂದೋಳಿನ ನೇರದಲ್ಲಿರಬೇಕು. ಕೈ ದೂರ ಹೋಗಬೇಕಾದಾಗ ಬೆರಳನ್ನು ಎಳೆದು ಚಾಚದೆ ತೋಳನ್ನೇ ಅತ್ತ ಒಯ್ಯಬೇಕು.

ಕೈಯ ಅಳತೆಯೂ ಮುಖ್ಯ. ಪಿಯಾನೋದಲ್ಲಿ ಒಂದು ಸ್ಥಾಯಿಯ ಅಗಲ ಸುಮಾರು 16.5 ಸೆಂಟಿಮೀಟರು. ಇದು ದೊಡ್ಡ ಕೈಗಳಿಗೆ ಹೊಂದುವ ಅಳತೆ. ವಿಖ್ಯಾತ ವಾದಕ ಜೋಸೆಫ್ ಹಾಫ್‌ಮನ್ (1876–1957) ಚಿಕ್ಕ ಕೈಯವರಾದ್ದರಿಂದ ಅವರಿಗಾಗಿ ಸ್ಟೈನ್‌ವೇ ಕಂಪೆನಿಯು ತುಸು ಕಿರಿದಾದ ಕೀಗಳನ್ನು ಮಾಡಿಕೊಟ್ಟಿತ್ತು. ಅಂತಹ ಅನುಕೂಲ ನಮಗಿಲ್ಲದಿದ್ದರೂ, ಎಳೆಯ ಕೈಗೆ ಎಟುಕದ ಸ್ವರಗುಚ್ಛವನ್ನು ಒಂದಾದ ಮೇಲೊಂದರಂತೆ ಬಿಡಿಸಿ ನುಡಿಸಲು, ಅಥವಾ ಬೇರೆ ಕೃತಿಯನ್ನು ಆರಿಸಿಕೊಡಲು ಶಿಕ್ಷಕರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಬಿಗಿತ ಬಿಡಿಸುವ ಅಭ್ಯಾಸಗಳು

ಬಿಡುವುದನ್ನು ಕಲಿಯಬೇಕಾದರೆ ಮೊದಲು ಬಿಗಿದಿರುವುದು ತಿಳಿಯಬೇಕು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ: ಒಂದು ಸ್ನಾಯುವನ್ನು ಬೇಕೆಂದೇ ಬಿಗಿದು, ಆ ಅನುಭವವನ್ನು ಗಮನಿಸಿ, ಬಳಿಕ ಬಿಟ್ಟು, ವ್ಯತ್ಯಾಸವನ್ನು ಅರಿಯುವುದು. ಅದರಂತೆ, ನುಡಿಸುವ ಮುನ್ನ ಭುಜಗಳನ್ನು ಕಿವಿಯತ್ತ ಎತ್ತಿ, ಐದು ಎಣಿಸಿ, ಉಸಿರು ಬಿಡುತ್ತ ಇಳಿಯಬಿಡಬೇಕು. ಮುಷ್ಟಿಯನ್ನು ಬಿಗಿದು ಹಾಗೆಯೇ ಬಿಡಬೇಕು. ಎರಡು ಮೂರು ಸಲ ಮಾಡಿದರೆ ಸಾಕು.

ಎರಡನೆಯದು ತೋಳಿನ ಪರೀಕ್ಷೆ. ಮಗುವಿನ ಮಣಿಕಟ್ಟನ್ನು ತಾಯಿಯೋ ತಂದೆಯೋ ಹಿಡಿದೆತ್ತಿ, ಹೇಳದೆ ಕೈಬಿಡಬೇಕು. ತೋಳು ಹಣ್ಣು ಉದುರಿದಂತೆ ತೊಡೆಯ ಮೇಲೆ ಬಿದ್ದರೆ ಅದು ಸಡಿಲವಾಗಿದೆ. ಗಾಳಿಯಲ್ಲಿಯೇ ನಿಂತರೆ, ಮಗುವಿಗೆ ತಿಳಿಯದಂತೆ ಸ್ನಾಯುಗಳು ಅದನ್ನು ಹಿಡಿದುಕೊಂಡಿವೆ ಎಂದರ್ಥ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ಸ್ವರದ ಅಭ್ಯಾಸ. ನಡುಬೆರಳಿನ ಮೇಲೆ ತೋಳಿನ ತೂಕವನ್ನು ಇಳಿಸಿ ಒಂದು ಕೀಯನ್ನು ನುಡಿಸಬೇಕು. ನಾದ ಕೇಳಿದ ಕೂಡಲೇ, ಬೆರಳನ್ನು ಎತ್ತದೆ, ಒತ್ತಡವನ್ನು ಮಾತ್ರ ಬಿಡಬೇಕು. ಆಗ ಮಣಿಕಟ್ಟನ್ನು ಮೇಲಕ್ಕೂ ಕೆಳಕ್ಕೂ ಮೆಲ್ಲನೆ ಆಡಿಸಿ ನೋಡಬೇಕು. ಅದು ತಡೆಯಿಲ್ಲದೆ ಆಡಿದರೆ ಬಿಗಿತ ಬಿಟ್ಟಿದೆ. ಇದು ಐದೂ ಬೆರಳುಗಳಿಗೆ ಬಂದ ಮೇಲೆ ಎರಡು ಸ್ವರ, ಬಳಿಕ ನಾಲ್ಕು ಸ್ವರ, ಹೀಗೆ ಗುಂಪು ಮಾಡಿ, ಪ್ರತಿ ಗುಂಪಿನ ಕೊನೆಯಲ್ಲಿ ನಿಂತು ಬಿಡುತ್ತ ಸಾಗಬೇಕು. ಗತಿಯನ್ನು ಹೆಚ್ಚಿಸುವುದು ಕೊನೆಯ ಮಾತು. ವಿಳಂಬ ಕಾಲದಲ್ಲಿ ಬಿಗಿದು ಕಲಿತದ್ದು ದ್ರುತದಲ್ಲಿ ಸಡಿಲವಾಗುವುದಿಲ್ಲ.

ನಾಲ್ಕನೆಯದು ಮುಂದೋಳಿನ ತಿರುವು. ಬೀಗದಲ್ಲಿ ಕೈಯನ್ನು ತಿರುಗಿಸುವ ಚಲನೆಯೇ ಇದು. ಹೆಬ್ಬೆರಳಿನಿಂದ ಕಿರುಬೆರಳಿಗೆ ಮತ್ತೆ ಮತ್ತೆ ಹೋಗಿಬರುವ ಸ್ವರಗಳಲ್ಲಿ ಬೆರಳುಗಳನ್ನೇ ಎತ್ತಿಹಾಕುವ ಬದಲು ಈ ತಿರುವನ್ನು ಬಳಸಿದರೆ ಶ್ರಮವು ಬಹಳಷ್ಟು ಇಳಿಯುತ್ತದೆ.

ನುಡಿಸುವಾಗ ಹಲ್ಲು ಕಚ್ಚುವುದು, ಉಸಿರು ಹಿಡಿಯುವುದು, ಕೆಲಸವಿಲ್ಲದ ಹೆಬ್ಬೆರಳನ್ನು ಸೆಟೆಸಿ ನಿಲ್ಲಿಸುವುದು, ಇವೂ ಬಿಗಿತದ ಗುರುತುಗಳೇ. ದೆಹಲಿಯ ಚಳಿಗಾಲದಲ್ಲಿಯೂ ಹವಾನಿಯಂತ್ರಿತ ಕೋಣೆಗಳಲ್ಲಿಯೂ ಕೈಗಳನ್ನು ಬೆಚ್ಚನೆಯ ನೀರಿನಲ್ಲಿ ತುಸು ಹೊತ್ತು ಇಟ್ಟು ಆರಂಭಿಸುವುದು ಹಿತಕರ.

ಬೆಳ್ಳೂರಿನ ಗುರು, ಜಗದ್ವಿಖ್ಯಾತ ಶಿಷ್ಯ

ಸಡಿಲಗೊಳಿಸುವ ವಿದ್ಯೆಯು ನಮಗೆ ಪರಕೀಯವಲ್ಲ. ಹಠಯೋಗಪ್ರದೀಪಿಕೆಯು ಶವಾಸನವನ್ನು ಆಯಾಸಪರಿಹಾರಕವೆಂದು ಹೇಳಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಮೈಸೂರಿನಲ್ಲಿ ಶ್ರೀ ಟಿ. ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದು ನೆಲೆಸಿದ ಶ್ರೀ ಬಿ. ಕೆ. ಎಸ್. ಅಯ್ಯಂಗಾರ್ಯರ ಹೆಸರನ್ನು ಕೇಳದವರಿಲ್ಲ. 1952ರಲ್ಲಿ ಭಾರತಕ್ಕೆ ಬಂದಿದ್ದ ಪಿಟೀಲು ವಾದಕ ಯೆಹೂದಿ ಮೆನುಹಿನ್ ಬಹಳ ದಣಿದಿದ್ದರು. ಮುಂಬಯಿಯ ಮೊದಲ ಭೇಟಿಯಲ್ಲಿಯೇ ಅಯ್ಯಂಗಾರ್ಯರು ಅವರನ್ನು ಮಲಗಿಸಿ ದೇಹವನ್ನು ಸಡಿಲಗೊಳಿಸಿದಾಗ ಮೆನುಹಿನ್ ಗಾಢನಿದ್ರೆಗೆ ಜಾರಿದರು. ಅಂದು ಬೆಳೆದ ಗುರುಶಿಷ್ಯ ಸಂಬಂಧವು ಜೀವನಪರ್ಯಂತ ಉಳಿಯಿತು. ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಎಂಬರ್ಥದ ಮಾತುಗಳನ್ನು ಕೆತ್ತಿಸಿದ ಕೈಗಡಿಯಾರವನ್ನು ಮೆನುಹಿನ್ ಕಾಣಿಕೆಯಾಗಿ ಕೊಟ್ಟರು. ಅಭ್ಯಾಸದ ಬಳಿಕ ಹತ್ತು ನಿಮಿಷದ ಶವಾಸನವು ಪಿಯಾನೋ ಕಲಿಯುವವರಿಗೂ ಅಷ್ಟೇ ಹಿತಕರ. ಆದರೆ ಪೀಠದ ಮೇಲಿನ ತಪ್ಪು ಅಭ್ಯಾಸವನ್ನು ಯಾವ ಆಸನವೂ ತಿದ್ದಲಾರದು. ಅದನ್ನು ಅಲ್ಲಿಯೇ ತಿದ್ದಿಕೊಳ್ಳಬೇಕು.

ನೋವು ಸಾಧನೆಯಲ್ಲ

‘ಅಸುರ ಸಾಧನೆ’ ಎಂಬ ಮಾತು ನಮ್ಮ ಸಂಗೀತಲೋಕದಲ್ಲಿ ಗೌರವ ಪಡೆದಿದೆ. ವೀಣೆ ಕಲಿಯುವವರ ಬೆರಳ ತುದಿ ಮೊದಮೊದಲು ಉರಿದು, ಕ್ರಮೇಣ ಗಡುಸಾಗಿ, ನೋವು ಮಾಯವಾಗುವುದನ್ನು ನಾವು ಕಂಡಿದ್ದೇವೆ. ಆ ಅನುಭವದಿಂದಲೇ ಪಿಯಾನೋ ನುಡಿಸುವ ಮಗುವಿಗೂ ‘ಸಹಿಸಿಕೊ’ ಎನ್ನುತ್ತೇವೆ. ಆದರೆ ಗಡುಸಾಗುವುದು ಚರ್ಮದ ಗುಣ. ಸ್ನಾಯುರಜ್ಜುಗಳು ಬಹು ನಿಧಾನವಾಗಿ ಬಲಗೊಳ್ಳುತ್ತವೆ. ಆತುರಪಡಿಸಿದರೆ ಬಾತುಕೊಂಡು ತಿಂಗಳುಗಟ್ಟಲೆ ಕಾಡುತ್ತವೆ.

ಪರೀಕ್ಷೆ ಸಮೀಪಿಸಿದಾಗ ದಿನಕ್ಕೆ ಅರ್ಧ ಗಂಟೆ ನುಡಿಸುತ್ತಿದ್ದ ಮಗುವನ್ನು ಒಮ್ಮೆಗೇ ಎರಡು ಮೂರು ಗಂಟೆ ಕೂರಿಸುವುದು ಕೈ ಕೆಡಲು ಅತಿ ಸಾಮಾನ್ಯವಾದ ಕಾರಣಗಳಲ್ಲೊಂದು. ಅಭ್ಯಾಸದ ಅವಧಿಯನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಐದು ನಿಮಿಷ ಎದ್ದು ಓಡಾಡಬೇಕು. ಆ ಐದು ನಿಮಿಷವನ್ನು ಮೊಬೈಲ್ ಫೋನಿನಲ್ಲಿ ಕಳೆದರೆ ಅದು ವಿಶ್ರಾಂತಿಯಾಗದು. ಅದೇ ಹೆಬ್ಬೆರಳು, ಅದೇ ಕತ್ತು ಮತ್ತೆ ದುಡಿಯುತ್ತವೆ. ದಿನವಿಡೀ ಕಂಪ್ಯೂಟರಿನ ಮುಂದೆ ದುಡಿದು ಸಂಜೆ ಪಿಯಾನೋ ಕಲಿಯುವ ಹಿರಿಯರೂ ಇದನ್ನು ನೆನಪಿಡಬೇಕು.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ನುಡಿಸುವಾಗ ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಮರುದಿನವೂ ಉಳಿದರೆ, ಅಥವಾ ರಾತ್ರಿ ನಿದ್ದೆಗೆಡಿಸಿದರೆ, ಉಪೇಕ್ಷಿಸಬಾರದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದರೆ ಮಣಿಕಟ್ಟಿನ ನಡುವೆ ಹಾಯುವ ನರವೂ, ಕಿರುಬೆರಳು ಮತ್ತು ಉಂಗುರಬೆರಳುಗಳಲ್ಲಿ ಹಿಡಿದರೆ ಮೊಣಕೈ ಬಳಿ ಹಾಯುವ ನರವೂ ಅದುಮಲ್ಪಟ್ಟಿರುವ ಸಂಭವವಿದೆ. ನೋವಿಲ್ಲದೆಯೇ ಬೆರಳು ಮಾತು ಕೇಳದಂತಾದರೆ, ತಾನಾಗಿ ಮುದುಡಿಕೊಂಡರೆ, ಅದು ಬರಿಯ ಸ್ನಾಯುವಿನ ತೊಂದರೆಯಲ್ಲ. ಫ್ಲೈಷರ್ ಅವರನ್ನು ಕಾಡಿದ ಡಿಸ್ಟೋನಿಯ ಎಂಬ ಈ ಸ್ಥಿತಿಯ ಮೂಲವು ಮಿದುಳಿನ ನಿಯಂತ್ರಣದಲ್ಲಿದೆ. ಹೆಚ್ಚು ಅಭ್ಯಾಸ ಮಾಡಿದಷ್ಟೂ ಉಲ್ಬಣಿಸುತ್ತದೆ. ಇದಕ್ಕೆ ನರರೋಗ ತಜ್ಞರನ್ನೇ ಕಾಣಬೇಕು.

ನೋವುನಿವಾರಕ ಮಾತ್ರೆ ನುಂಗಿ ಅಭ್ಯಾಸ ಮುಂದುವರಿಸುವುದು ಎಂದೂ ಸಲ್ಲದು. ಎಣ್ಣೆ ತಿಕ್ಕುವುದರಿಂದಲೂ ಬಿಸಿನೀರಿನ ಶಾಖದಿಂದಲೂ ಬಿಗಿದ ಸ್ನಾಯುವಿಗೆ ಹಿತವಾಗುತ್ತದೆ, ನಿಜ. ಆದರೆ ನುಡಿಸುವ ರೀತಿಯನ್ನು ತಿದ್ದದೆ ಬರಿಯ ಉಪಚಾರ ಮಾಡಿದರೆ, ಮುಳ್ಳನ್ನು ಒಳಗೇ ಬಿಟ್ಟು ಮೇಲೆ ಮುಲಾಮು ಹಚ್ಚಿದಂತೆಯೇ ಸರಿ. ವೈದ್ಯರು, ಅಂಗಸಾಧನೆ ಮಾಡಿಸುವ ಫಿಸಿಯೋಥೆರಪಿಸ್ಟರು ಮತ್ತು ಸಂಗೀತ ಶಿಕ್ಷಕರು ಕೂಡಿ ಆಲೋಚಿಸಿದಾಗ ಗುಣ ಬೇಗ ಕಾಣುತ್ತದೆ.

ಪರೀಕ್ಷೆಯನ್ನು ಒಂದು ವರ್ಷ ಮುಂದೂಡಬಹುದು. ಕೆಟ್ಟ ಕೈಯನ್ನು ಸರಿಪಡಿಸುವುದಕ್ಕೆ ಕೆಲವರಿಗೆ ಅರ್ಧ ಆಯುಷ್ಯವೇ ಹಿಡಿದಿದೆ. ಆದ್ದರಿಂದ ತಂದೆತಾಯಂದಿರು ಮಗುವು ಪೀಠದಿಂದ ಎದ್ದಾಗ ‘ಎಷ್ಟು ಹೊತ್ತು ನುಡಿಸಿದೆ?’ ಎಂದು ಕೇಳುವುದರ ಜೊತೆಗೆ ‘ಕೈ ಹೇಗಿದೆ?’ ಎಂದೂ ಕೇಳುವ ರೂಢಿ ಮಾಡಿಕೊಳ್ಳಲಿ. ನಮ್ಮ ಸಂಘದ ಮನೆಮನೆಗಳ ಮಕ್ಕಳು ಯಾವ ವಾದ್ಯವನ್ನೇ ಕಲಿಯಲಿ, ಅದನ್ನು ಮುಪ್ಪಿನವರೆಗೂ ನೋವಿಲ್ಲದೆ ನುಡಿಸುವ ಭಾಗ್ಯ ಅವರದಾಗಲೆಂದು ಹಾರೈಸೋಣ.